ಐಕೊಕು ಮಾರು ಮಲಗಿರುವ ಲಗೂನಿಗೆ

1942ರ ನವೆಂಬರ್ 11ರಂದು, ಹಿಂದೂ ಮಹಾಸಾಗರದಲ್ಲಿ ಕೊಕೊಸ್ ದ್ವೀಪಗಳಿಂದ ನೈಋತ್ಯಕ್ಕೆ ಬಹುದೂರದಲ್ಲಿ, ರಾಯಲ್ ಇಂಡಿಯನ್ ನೇವಿಯ ‘ಬೆಂಗಾಲ್’ ಎಂಬ ಪುಟ್ಟ ಯುದ್ಧನೌಕೆಯೂ ಅದರ ಬೆಂಗಾವಲಿನಲ್ಲಿ ಸಾಗುತ್ತಿದ್ದ ‘ಒಂಡಿನಾ’ ಎಂಬ ಡಚ್ ತೈಲನೌಕೆಯೂ ಜಪಾನಿನ ಎರಡು ದೊಡ್ಡ ಹಡಗುಗಳಿಗೆ ಎದುರಾದವು. ಅವುಗಳ ಹೆಸರು ಹೊಕೊಕು ಮಾರು ಮತ್ತು ಐಕೊಕು ಮಾರು. ಎರಡೂ ಹತ್ತು ಸಾವಿರ ಟನ್ನಿಗೆ ಮೀರಿದವು. ಪ್ರಯಾಣಿಕರಿಗಾಗಿ ಕಟ್ಟಲ್ಪಟ್ಟು, ಆಮೇಲೆ ತೋಪುಗಳನ್ನು ಏರಿಸಿಕೊಂಡು ವ್ಯಾಪಾರಿ ಹಡಗುಗಳನ್ನು ಬೇಟೆಯಾಡಲು ಹೊರಟಿದ್ದವು. ಬೆಂಗಾಲ್‌ನ ಮೇಲೆ ಹೇಳಿಕೊಳ್ಳುವಂತಹ ತೋಪು ಒಂದೇ ಇತ್ತು. ಆದರೂ ಆ ದಿನ ಹೊತ್ತಿ ಉರಿದು, ಸ್ಫೋಟಗೊಂಡು ಮುಳುಗಿದ್ದು ಹೊಕೊಕು ಮಾರು. ಬೆಂಗಾಲ್ ಮತ್ತು ಒಂಡಿನಾ ಪೆಟ್ಟು ತಿಂದೂ ಬೇರೆ ಬೇರೆ ದಾರಿಯಲ್ಲಿ ದಡ ಸೇರಿದವು. ಐಕೊಕು ಮಾರು ಅಲ್ಲಿಂದ ಹೊರಟುಹೋಯಿತು.

ಕೆಲವು ವರ್ಷಗಳ ಹಿಂದೆ ಈ ಕದನದ ಬಗ್ಗೆ ಓದಿದಾಗ ನನ್ನನ್ನು ಕಾಡಿದ್ದು ಗೆದ್ದವರ ಕತೆಗಿಂತ ಹೆಚ್ಚಾಗಿ ಹೊರಟುಹೋದ ಆ ಹಡಗಿನ ಮುಂದಿನ ಗತಿ. ಅದನ್ನು ಹುಡುಕುತ್ತ ಹೋದಾಗ ಸಿಕ್ಕ ಉತ್ತರ, ಪೆಸಿಫಿಕ್ ಸಾಗರದ ನಡುವೆ ಭೂಮಧ್ಯರೇಖೆಯಿಂದ ಏಳು ಡಿಗ್ರಿ ಉತ್ತರಕ್ಕಿರುವ, ಹವಳದ ದಿಬ್ಬ ಸುತ್ತುವರಿದ ಚೂಕ್ ಲಗೂನ್. 1944ರ ಫೆಬ್ರುವರಿ 17ರಂದು, ಅಂದರೆ ಬೆಂಗಾಲ್‌ನ ಕದನ ನಡೆದ ಹದಿನೈದು ತಿಂಗಳ ನಂತರ, ಐಕೊಕು ಮಾರು ಅಲ್ಲಿ ನೂರಾರು ಜನರೊಂದಿಗೆ ಮುಳುಗಿತು. ಅದರ ಸುತ್ತ, ಅಮೆರಿಕದ ವಿಮಾನದಾಳಿ ನಡೆದ ಎರಡು ದಿನಗಳಲ್ಲಿ ಮುಳುಗಿದ ಇನ್ನೂ ಹಲವು ಹಡಗುಗಳಿವೆ, ಮತ್ತು ಸ್ಕೂಬಾ ಕಲಿತವರು ಅವುಗಳ ನಡುವೆ ಈಜಿ ಬರುತ್ತಾರೆ ಎಂಬುದು ತಿಳಿದ ದಿನದಿಂದಲೇ ಈ ಪ್ರವಾಸದ ಯೋಜನೆ ಒಂದು ಟಿಪ್ಪಣಿ ಪುಸ್ತಕದಲ್ಲಿ ಬೆಳೆಯುತ್ತ ಬಂದಿದೆ. ಪ್ರವಾಸ ಇನ್ನೂ ಆಗಿಲ್ಲ. ಈ ಬರಹ ಆ ಪುಸ್ತಕದಲ್ಲಿರುವ ಲೆಕ್ಕಗಳ ಕುರಿತದ್ದು.

ಮೊದಲು ಸ್ಥಳ. ಚೂಕ್ ಎಂಬುದು ಮೈಕ್ರೊನೇಷ್ಯಾ ಒಕ್ಕೂಟದ ನಾಲ್ಕು ರಾಜ್ಯಗಳಲ್ಲಿ ಒಂದು. ಯಾಪ್, ಪೋನ್ಪೆ ಮತ್ತು ಕೊಸ್ರಾಯೆ ಉಳಿದ ಮೂರು. ಅಲ್ಲಿನ ಭಾಷೆಯಲ್ಲಿ ಚೂಕ್ ಎಂದರೆ ಬೆಟ್ಟ. ಹಳೆಯ ನಕ್ಷೆಗಳು ಇದನ್ನು ಟ್ರಕ್ ಎಂದು ಕರೆಯುತ್ತವೆ, ಮತ್ತು ಈ ಹೆಸರನ್ನು ಕನ್ನಡದಲ್ಲಿ ಹೇಳಿದಾಗಲೆಲ್ಲ ಕೇಳಿದವರ ಕಣ್ಣ ಮುಂದೆ ಲಾರಿಯೊಂದು ಬಂದು ನಿಲ್ಲುವುದನ್ನು ನಾನು ಬಲ್ಲೆ. ಅಲ್ಲಿ ಮುಳುಗಿರುವ ಒಂದು ಹಡಗಿನೊಳಗೆ ನಿಜಕ್ಕೂ ಲಾರಿಗಳಿರುವುದರಿಂದ ಆ ತಪ್ಪು ಕಲ್ಪನೆಯನ್ನು ನಾನು ತಿದ್ದಲು ಹೋಗುವುದಿಲ್ಲ. ಸುಮಾರು 225 ಕಿಲೋಮೀಟರ್ ಸುತ್ತಳತೆಯ ಹವಳದ ದಿಬ್ಬವು ಕೋಟೆಯ ಗೋಡೆಯಂತೆ ಸುತ್ತುವರಿದು, ಅದರೊಳಗೆ ಶಾಂತವಾದ ನೀರು, ಆ ನೀರಿನ ನಡುವೆ ಹಸಿರು ಬೆಟ್ಟಗಳಾಗಿ ಎದ್ದಿರುವ ದ್ವೀಪಗಳು. ದಿಬ್ಬದಲ್ಲಿ ಅಲ್ಲಲ್ಲಿ ಮಾತ್ರ ಹಡಗು ನುಗ್ಗುವಷ್ಟು ಕಂಡಿಗಳಿವೆ. ಇಡೀ ನೌಕಾಪಡೆಯೊಂದು ಲಂಗರು ಹಾಕಿ ಕುಳಿತುಕೊಳ್ಳಲು ಪ್ರಕೃತಿಯೇ ಕಟ್ಟಿಕೊಟ್ಟ ಬಂದರು ಇದು. ಮೊದಲ ಮಹಾಯುದ್ಧದ ಆರಂಭದಲ್ಲಿ, 1914ರಲ್ಲಿ, ಜರ್ಮನರಿಂದ ಇದನ್ನು ಕಸಿದುಕೊಂಡ ಜಪಾನಿಗೆ ಅದು ಅರ್ಥವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಅವರು ದ್ವೀಪಗಳಿಗೆ ಋತುಗಳ ಹೆಸರಿಟ್ಟರು: ಈಗಿನ ವೆನೊ ವಸಂತದ ದ್ವೀಪ, ಟೊನೊವಾಸ್ ಬೇಸಿಗೆಯದು, ಫೆಫೆನ್ ಶರದೃತುವಿನದು, ಉಮನ್ ಚಳಿಗಾಲದ್ದು. ವರ್ಷವಿಡೀ ನೀರು 28–29 ಡಿಗ್ರಿಯಲ್ಲೇ ಇರುವ ಊರಿಗೆ ನಾಲ್ಕು ಋತುಗಳನ್ನು ಹಂಚಿದ ಅಧಿಕಾರಿಗೆ ತವರಿನ ನೆನಪು ತೀವ್ರವಾಗಿದ್ದಿರಬೇಕು.

1944ರ ಫೆಬ್ರುವರಿ 4ರಂದು ಅಮೆರಿಕದ ಎರಡು ಗಸ್ತು ವಿಮಾನಗಳು ಲಗೂನಿನ ಮೇಲೆ ಹಾರಿ ಚಿತ್ರ ತೆಗೆದುಕೊಂಡು ಹೋದವು. ಅಪಾಯವನ್ನು ಅರಿತ ಜಪಾನಿ ನೌಕಾಪಡೆಯ ಅಡ್ಮಿರಲ್ ಕೊಗಾ ದೊಡ್ಡ ಯುದ್ಧನೌಕೆಗಳನ್ನು ಅಲ್ಲಿಂದ ಹೊರಡಿಸಿದ. ಸರಕು ಹಡಗುಗಳು, ತೈಲನೌಕೆಗಳು, ಸೈನಿಕರನ್ನು ಸಾಗಿಸುವ ಹಡಗುಗಳು ಉಳಿದವು. ಫೆಬ್ರುವರಿ 17ರ ಮುಂಜಾನೆ ಒಂಬತ್ತು ವಿಮಾನವಾಹಕ ನೌಕೆಗಳಿಂದ ಎದ್ದ ಐನೂರಕ್ಕೂ ಹೆಚ್ಚು ವಿಮಾನಗಳು ದಾಳಿಗೆ ಇಳಿದು, ಎರಡು ದಿನಗಳಲ್ಲಿ ನಲವತ್ತಕ್ಕೂ ಹೆಚ್ಚು ಹಡಗುಗಳನ್ನು, ಸುಮಾರು 2 ಲಕ್ಷ ಟನ್ನಿನಷ್ಟು ಭಾರವನ್ನು, ತಳ ಸೇರಿಸಿದವು. ಈ ಕಾರ್ಯಾಚರಣೆಗೆ ಅಮೆರಿಕನ್ನರು ಆಲಿಕಲ್ಲು ಎಂಬರ್ಥದ ‘ಹೇಲ್‌ಸ್ಟೋನ್’ ಎಂಬ ಹೆಸರಿಟ್ಟಿದ್ದರು. ಯುದ್ಧ ಇತಿಹಾಸದ ಪುಸ್ತಕಗಳು ಇಲ್ಲಿಗೆ ಪುಟ ತಿರುವುತ್ತವೆ. ಆದರೆ ಅಮೆರಿಕದ ಸೇನೆ ಚೂಕ್ ಮೇಲೆ ಇಳಿಯದೆ ಅದನ್ನು ಬದಿಗೆ ಬಿಟ್ಟು ಮುಂದೆ ಹೋದದ್ದರಿಂದ, ಸಾವಿರಾರು ಜಪಾನಿ ಸೈನಿಕರೂ ದ್ವೀಪದ ಜನರೂ ಪೂರೈಕೆಯಿಲ್ಲದೆ, ಮೇಲಿಂದ ಮೇಲೆ ಬೀಳುವ ಬಾಂಬುಗಳ ಕೆಳಗೆ, ಯುದ್ಧ ಮುಗಿಯುವವರೆಗೆ ಹಸಿವಿನಲ್ಲಿ ಸಿಕ್ಕಿಬಿದ್ದರು. ಮುಳುಗಿದ ಹಡಗುಗಳನ್ನು ನೋಡಲು ಹೋಗುವವನು ಈ ಎರಡನೆಯ ಭಾಗವನ್ನೂ ತಿಳಿದು ಹೋಗಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ದೋಣಿ ನಡೆಸುವವರು, ನೀರಿನೊಳಗೆ ದಾರಿ ತೋರಿಸುವವರು ಆ ದ್ವೀಪದ ಜನರ ಮೊಮ್ಮಕ್ಕಳು. ಹುಡುಗನಾಗಿದ್ದಾಗ ಈ ದಾಳಿಯನ್ನು ಕಣ್ಣಾರೆ ಕಂಡ ಕಿಮಿಯುಒ ಐಸೆಕ್ ಎಂಬವರೇ 1973ರಲ್ಲಿ ಅಲ್ಲಿ ಡೈವಿಂಗ್ ಅಂಗಡಿ ತೆರೆದರು. ಹಡಗುಗಳು ಎಲ್ಲೆಲ್ಲಿ ಮುಳುಗಿದವೆಂಬುದು ಅವರ ನೆನಪಿನಲ್ಲಿತ್ತು.

ಚೂಕ್‌ಗೇ ಏಕೆ ಎಂದು ಈ ಪ್ರವಾಸದ ಜೊತೆಗಾರ ಕೇಳಿದ್ದ. ಪೆಸಿಫಿಕ್‌ನಲ್ಲಿ ಮುಳುಗಿದ ಹಡಗುಗಳಿಗೆ ಬರವಿಲ್ಲ. ವನುವಾಟುವಿನ ಎಸ್ಪಿರಿಟು ಸಾಂಟೊ ದ್ವೀಪದ ದಡಕ್ಕೆ ಅಂಟಿಕೊಂಡಂತೆಯೇ ‘ಪ್ರೆಸಿಡೆಂಟ್ ಕೂಲಿಜ್’ ಇದೆ. 1942ರ ಅಕ್ಟೋಬರ್ 26ರಂದು ತಮ್ಮವರೇ ಹುದುಗಿಸಿದ್ದ ಸಿಡಿಗುಂಡುಗಳಿಗೆ ತಗುಲಿ ಮುಳುಗಿದ ಆ ಹಡಗಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರಿದ್ದರೂ ಸತ್ತವರು ಇಬ್ಬರೇ. ದಡದಿಂದಲೇ ನಡೆದು ನೀರಿಗಿಳಿಯಬಹುದಾದ ಅಂತಹ ದೊಡ್ಡ ಹಡಗು ಬೇರೆಡೆ ಸಿಗುವುದು ಕಷ್ಟ, ಮತ್ತು ಮೊದಲ ಸಲ ಹಡಗಿನೊಳಗೆ ಹೋಗುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಇನ್ನೊಂದು ತುದಿಯಲ್ಲಿ ಮಾರ್ಷಲ್ ದ್ವೀಪಗಳ ಬಿಕಿನಿ. 1946ರ ಜುಲೈನಲ್ಲಿ ಅಣುಬಾಂಬಿನ ಪರೀಕ್ಷೆಗೆ ಗುರಿಯಾಗಿ ಇರಿಸಿದ್ದ ‘ಸಾರಟೋಗಾ’ ವಿಮಾನವಾಹಕವೂ ಜಪಾನಿನ ‘ನಗಾಟೊ’ ಯುದ್ಧನೌಕೆಯೂ ಅಲ್ಲಿವೆ, ಆದರೆ ಅವುಗಳ ಬಹುಭಾಗ ಐವತ್ತು ಮೀಟರಿನ ಆಸುಪಾಸಿನ ಆಳದಲ್ಲಿ, ಆಸ್ಪತ್ರೆಯಿಂದ ಇನ್ನೂ ದೂರದಲ್ಲಿ. ಬಿಕಿನಿ ನನ್ನ ಮಟ್ಟದವನಿಗಲ್ಲ. ಚೂಕ್‌ನಲ್ಲಿ ಹನ್ನೆರಡು ಮೀಟರಿನಿಂದ ಅರವತ್ತರವರೆಗೆ ಎಲ್ಲ ಆಳಗಳಲ್ಲೂ ಹಡಗುಗಳಿರುವುದರಿಂದ, ಎಲ್ಲಿ ನಿಲ್ಲಬೇಕೆಂಬ ತೀರ್ಮಾನ ನನ್ನ ಕೈಯಲ್ಲೇ ಉಳಿಯುತ್ತದೆ. ಆ ಸೌಲಭ್ಯವೇ ಅಲ್ಲಿನ ಅಪಾಯವೂ ಹೌದು.

ಹೋಗುವ ದಾರಿ ಸರಳ, ಅಗ್ಗವಲ್ಲ. ಮನಿಲಾ ಅಥವಾ ಟೋಕಿಯೊ ಮೂಲಕ ಗುವಾಮ್, ಅಲ್ಲಿಂದ ಆಗ್ನೇಯಕ್ಕೆ ಸುಮಾರು ಸಾವಿರ ಕಿಲೋಮೀಟರ್ ದೂರದ ವೆನೊ. ಗುವಾಮ್‌ನಿಂದ ಹೊರಡುವ ವಿಮಾನಗಳಲ್ಲಿ ಕೆಲವು ಚೂಕ್, ಪೋನ್ಪೆ, ಕೊಸ್ರಾಯೆ, ಕ್ವಾಜಲಿನ್, ಮಜುರೊ ಎಂದು ಒಂದೊಂದೇ ದ್ವೀಪಕ್ಕೆ ಇಳಿದು ಹತ್ತುತ್ತ ಹೊನೊಲುಲುವಿನವರೆಗೆ ಹೋಗುತ್ತವೆ. ದಾರಿಯಲ್ಲಿ ಕೆಟ್ಟರೆ ರಿಪೇರಿಗೆ ಯಾರೂ ಸಿಗುವುದಿಲ್ಲವೆಂದು ಮೆಕ್ಯಾನಿಕ್ ಒಬ್ಬನನ್ನೂ ಬಿಡಿಭಾಗಗಳನ್ನೂ ವಿಮಾನದಲ್ಲೇ ಕರೆದೊಯ್ಯುತ್ತಾರೆ. ಮೈಕ್ರೊನೇಷ್ಯಾಕ್ಕೆ ಮೂವತ್ತು ದಿನದೊಳಗಿನ ಭೇಟಿಗೆ ಮುಂಚಿತವಾಗಿ ವೀಸಾ ಬೇಕಿಲ್ಲ. ಆದರೆ ಗುವಾಮ್ ಅಮೆರಿಕದ ನೆಲವಾದ್ದರಿಂದ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಲ್ಲಿ ವಿಮಾನ ಬದಲಿಸಲೂ ಅಮೆರಿಕದ ವೀಸಾ ಕಡ್ಡಾಯ. ಈ ಒಂದು ಸಾಲನ್ನು ನಾನು ಯೋಜನೆಯ ಕೊನೆಯಲ್ಲಿ ಓದಿದ್ದರಿಂದ ಮೊದಲು ಗೊತ್ತುಮಾಡಿದ್ದ ದಿನಾಂಕಗಳನ್ನೆಲ್ಲ ಹೊಡೆದುಹಾಕಬೇಕಾಯಿತು. ವೆನೊದ ಓಡುದಾರಿ ನೀರಿನ ಅಂಚಿನಲ್ಲೇ ಇದೆ. 2018ರ ಸೆಪ್ಟೆಂಬರ್‌ನಲ್ಲಿ ಪ್ರಯಾಣಿಕ ವಿಮಾನವೊಂದು ಅದನ್ನು ತಲುಪುವ ಮೊದಲೇ ಲಗೂನಿಗೆ ಇಳಿದಾಗ ಊರಿನ ಜನ ತಮ್ಮ ಸಣ್ಣ ದೋಣಿಗಳಲ್ಲಿ ಧಾವಿಸಿ ಹೋಗಿ ಪ್ರಯಾಣಿಕರನ್ನು ಎತ್ತಿಕೊಂಡರು. ವಿಮಾನದಲ್ಲಿದ್ದ ನಲವತ್ತೇಳು ಜನರಲ್ಲಿ ಒಬ್ಬರು ಮಾತ್ರ ಬದುಕುಳಿಯಲಿಲ್ಲ.

ಅಲ್ಲಿ ನಡೆಯುವುದು ಅಮೆರಿಕದ ಡಾಲರ್, ಅದೂ ಸಾಧ್ಯವಾದಷ್ಟು ನಗದಾಗಿ. ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ಸ್ವಲ್ಪ ಕಡಿಮೆ, ಗಾಳಿ ಸ್ವಲ್ಪ ಹೆಚ್ಚು. ದಿಬ್ಬದ ಒಳಗೆ ಅಲೆಯ ಕಾಟ ಅಷ್ಟಿಲ್ಲವಾದ್ದರಿಂದ ಕಾಲದ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ತಲೆ ಕೆಡಿಸಿಕೊಂಡದ್ದು ಗಾಳಿಯ ಲೆಕ್ಕಕ್ಕೆ. ಹನ್ನೊಂದು ಲೀಟರಿನ ಒಂದು ಸಿಲಿಂಡರಿನಲ್ಲಿ ಇನ್ನೂರು ಬಾರ್ ಒತ್ತಡಕ್ಕೆ ತುಂಬಿದರೆ ಸಿಗುವುದು ಎರಡು ಸಾವಿರದ ಇನ್ನೂರು ಲೀಟರ್ ಗಾಳಿ. ಮೇಲ್ಮೈಯಲ್ಲಿ ನಾನು ನಿಮಿಷಕ್ಕೆ ಸುಮಾರು ಹದಿನೆಂಟು ಲೀಟರ್ ಉಸಿರಾಡುತ್ತೇನೆ. ಮೂವತ್ತು ಮೀಟರ್ ಆಳದಲ್ಲಿ ಒತ್ತಡ ನಾಲ್ಕು ಪಟ್ಟಾದ್ದರಿಂದ ಅದೇ ಉಸಿರಿಗೆ ನಿಮಿಷಕ್ಕೆ ಎಪ್ಪತ್ತೆರಡು ಲೀಟರ್ ಬೇಕು. ಭಾಗಿಸಿದರೆ ಅರ್ಧ ಗಂಟೆ ಸಿಗುತ್ತದೆ ಎನಿಸುತ್ತದೆ. ಆದರೆ ತಲೆಯ ಮೇಲೆ ಕಬ್ಬಿಣದ ಚಾವಣಿ ಇರುವ ಕಡೆ ಪಾಲಿಸುವ ನಿಯಮ ಬೇರೆ: ಮೂರನೆಯ ಒಂದು ಭಾಗ ಒಳಹೋಗಲು, ಇನ್ನೊಂದು ಭಾಗ ಹೊರಬರಲು, ಉಳಿದದ್ದು ಮುಟ್ಟದೆ ಇಡಲು. ಅದು ಜೊತೆಗಾರನ ಗಾಳಿ ಮುಗಿದರೆ ಇಬ್ಬರನ್ನೂ ಹೊರಗೆ ತರಬೇಕಾದ ಪಾಲು. ಹಾಗಾಗಿ ಒಳಹೋಗಲು ಉಳಿಯುವುದು ಹತ್ತು ನಿಮಿಷ. ಹಡಗಿನವರೆಗೆ ಹಗ್ಗ ಹಿಡಿದು ಇಳಿಯುವ ಸಮಯವೂ ಈ ಹತ್ತು ನಿಮಿಷದಲ್ಲೇ ಸೇರಿದೆ ಎಂದು ಬರೆದುಕೊಂಡಾಗ, ನಾನು ಪಟ್ಟಿ ಮಾಡಿಟ್ಟಿದ್ದ ಎಂಜಿನ್ ಕೋಣೆಗಳಲ್ಲಿ ಅರ್ಧದಷ್ಟಕ್ಕೆ ತಾನಾಗಿಯೇ ಗೀಟು ಬಿತ್ತು. ಎರಡು ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡರೆ ಅವಧಿ ಹೆಚ್ಚುತ್ತದೆ, ನಿಜ. ಆದರೆ ಆಗ ಗಾಳಿಗಿಂತ ಮೊದಲು ದೇಹದಲ್ಲಿ ಕರಗಿದ ನೈಟ್ರೋಜನ್ ಮಿತಿ ಹಾಕುತ್ತದೆ, ಮತ್ತು ಮೇಲೆ ಬರುವಾಗ ನಿಂತು ನಿಂತು ಬರಬೇಕಾದ ಕಡ್ಡಾಯದ ತಂಗುಗಳು ಶುರುವಾಗುತ್ತವೆ.

ನೈಟ್ರಾಕ್ಸ್, ಅಂದರೆ ಆಮ್ಲಜನಕದ ಪಾಲು ಹೆಚ್ಚಿಸಿದ ಗಾಳಿ, ಇದಕ್ಕೆ ಪರಿಹಾರವೆಂದು ಹೇಳುವವರು ಅರ್ಧ ಮಾತ್ರ ಹೇಳುತ್ತಾರೆ. ಗಾಳಿಯಲ್ಲಿ ಶೇಕಡ 21ರಷ್ಟಿರುವ ಆಮ್ಲಜನಕವನ್ನು 32ಕ್ಕೆ ಏರಿಸಿದರೆ ನೈಟ್ರೋಜನ್ ಕಡಿಮೆಯಾಗಿ ತಳದಲ್ಲಿ ಹೆಚ್ಚು ಹೊತ್ತು ಇರಬಹುದು. ಆದರೆ ಆಮ್ಲಜನಕವೇ ಒತ್ತಡದಲ್ಲಿ ವಿಷವಾಗುತ್ತದೆ. ಅದರ ಪಾಲಿನ ಒತ್ತಡ 1.4 ಬಾರ್ ದಾಟಬಾರದೆಂಬ ಸಾಮಾನ್ಯ ಮಿತಿಯಂತೆ ಆ ಮಿಶ್ರಣವನ್ನು ಉಸಿರಾಡುತ್ತ ಮೂವತ್ತಮೂರು ಮೀಟರಿಗಿಂತ ಕೆಳಗೆ ಹೋಗುವಂತಿಲ್ಲ. ಶೇಕಡ 28ಕ್ಕೆ ಇಳಿಸಿಕೊಂಡರೆ ನಲವತ್ತು ಮೀಟರ್. ನನ್ನ ಅರ್ಹತಾಪತ್ರವೂ ನಲವತ್ತಕ್ಕೇ ನಿಲ್ಲುತ್ತದೆ. ಐಕೊಕು ಮಾರುವಿನ ಅಡಿ ಇರುವುದು ಅರವತ್ತು ಮೀಟರಿಗೂ ಕೆಳಗೆ. ಅಲ್ಲಿ ಸಾಧಾರಣ ಗಾಳಿಯನ್ನೇ ಉಸಿರಾಡಿದರೆ ನೈಟ್ರೋಜನ್ ಮೆದುಳಿಗೆ ಮಂಕು ಕವಿಸುತ್ತದೆ; ಕುಡಿದವನಿಗೆ ತಾನು ಕುಡಿದಿಲ್ಲವೆಂದು ಅನ್ನಿಸುವಂತೆ, ಆ ಮಂಕು ಕವಿದವನಿಗೂ ತನ್ನ ಬುದ್ಧಿ ಚುರುಕಾಗಿಯೇ ಇದೆ ಎನ್ನಿಸುವುದು ಅದರ ಕೆಟ್ಟ ಗುಣ. ಹೀಲಿಯಂ ಬೆರೆಸಿದ ಮಿಶ್ರಣ ಬೇಕು, ಅದಕ್ಕೆ ಬೇರೆ ತರಬೇತಿ ಬೇಕು, ಮತ್ತು ಸಾಗರದ ನಡುವಿನ ದ್ವೀಪಕ್ಕೆ ಹಡಗಿನಲ್ಲಿ ಬಂದಿಳಿಯುವ ಹೀಲಿಯಂನ ಬೆಲೆಯನ್ನು ಕೇಳುವ ಧೈರ್ಯವೂ ಬೇಕು.

ಇಲ್ಲಿ ನನಗೂ ಜೊತೆಗಾರನಿಗೂ ವಾದವೇ ನಡೆಯಿತು. ಹಡಗು ನೆಟ್ಟಗೆ ನಿಂತಿದೆ, ಅದರ ಮೇಲ್ಕಟ್ಟಡದ ತುದಿ ನಲವತ್ತು ಮೀಟರಿನ ಆಸುಪಾಸಿನಲ್ಲೇ ಇದೆ, ಅದನ್ನು ಮುಟ್ಟಿ ಐದು ನಿಮಿಷದಲ್ಲಿ ಮೇಲೆ ಬಂದುಬಿಡೋಣ ಎಂಬುದು ಅವನ ಮಾತು. ಕಾಗದದ ಮೇಲೆ ಅದು ಸಾಧ್ಯವಿತ್ತು. ನಾನು ಒಂದು ವಾರ ಆ ಲೆಕ್ಕವನ್ನು ಮತ್ತೆ ಮತ್ತೆ ಮಾಡಿದೆ, ಪ್ರತಿ ಸಲವೂ ಸರಿಯಾಗಿಯೇ ಬಂತು. ಒಪ್ಪದಿರಲು ಕಾರಣವಾದದ್ದು ಹಿಂದಿನ ವರ್ಷ ಹಡಗಿನೊಳಗೆ ಈಜುವ ತರಬೇತಿಯಲ್ಲಿ ನಡೆದ ಒಂದು ಘಟನೆ. ಹದಿನೆಂಟು ಮೀಟರಿನ ಆಳದಲ್ಲಿ, ತರಬೇತಿಗೆಂದೇ ಮುಳುಗಿಸಿದ ಪುಟ್ಟ ಹಡಗೊಂದರ ಕೋಣೆಯಲ್ಲಿ, ರೀಲಿನಿಂದ ದಾರ ಬಿಡುತ್ತ ಹೋಗುತ್ತಿದ್ದವನು ಬಾಗಿಲಿನ ಬಳಿ ಅದನ್ನು ಸರಿಯಾಗಿ ಸುತ್ತಿ ಬಿಗಿಯದೆ ಮುಂದೆ ಹೋದೆ. ಕಾಲಿನ ಒಂದು ಬೀಸಿಗೆ ಹೂಳು ಎದ್ದಿತು. ಟಾರ್ಚಿನ ಬೆಳಕು ಕೈಯಳತೆಯಲ್ಲೇ ಕಂದು ಗೋಡೆಯಾಗಿ ನಿಂತಿತು. ಸಡಿಲವಾದ ದಾರ ಯಾವುದೋ ಸಂದಿಗೆ ಜಾರಿಕೊಂಡಿತ್ತು. ಅದನ್ನು ಎಳೆದರೆ ಬಾಗಿಲಿನ ಕಡೆಗಲ್ಲ, ಗೋಡೆಯ ಕಡೆಗೆ ಹೋಗುತ್ತಿತ್ತು. ಶಿಕ್ಷಕರ ಕೈ ನನ್ನ ತೋಳನ್ನು ಹಿಡಿಯುವವರೆಗೆ ಕಳೆದದ್ದು ನಾಲ್ಕು ನಿಮಿಷವೆಂದು ಆಮೇಲೆ ಗಡಿಯಾರ ನೋಡಿ ತಿಳಿಯಿತು. ಆ ನಾಲ್ಕು ನಿಮಿಷದಲ್ಲಿ ನಾನು ಉಸಿರಾಡಿದ್ದು ಎಂದಿನ ಹದಿನೆಂಟು ಲೀಟರಿನ ಲೆಕ್ಕದಲ್ಲಲ್ಲ, ಅದರ ಎರಡು ಪಟ್ಟಿನಲ್ಲಿ. ನಲವತ್ತು ಮೀಟರಿನಲ್ಲಿ ಆ ನಾಲ್ಕು ನಿಮಿಷಕ್ಕೆ ಎಷ್ಟು ಗಾಳಿ ಬೇಕಾಗುತ್ತಿತ್ತೆಂದು ಲೆಕ್ಕ ಹಾಕಿ ಜೊತೆಗಾರನಿಗೆ ಕಳುಹಿಸಿದೆ: ಏಳು ನೂರ ಇಪ್ಪತ್ತು ಲೀಟರ್, ಅಂದರೆ ಒಂದು ಸಿಲಿಂಡರಿನ ಮೂರನೆಯ ಒಂದು ಭಾಗ ಪೂರ್ತಿ. ಅವನು ಮತ್ತೆ ಆ ವಿಷಯ ಎತ್ತಲಿಲ್ಲ.

ಹೀಗೆ, ಯಾವ ಹಡಗಿಗಾಗಿ ಹೊರಟೆನೋ ಅದನ್ನು ಬಿಟ್ಟು ಉಳಿದ ಹಡಗುಗಳ ಪಟ್ಟಿ ತಯಾರಾಯಿತು. ಬಿಟ್ಟದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಬಾಂಬು ಬಿದ್ದಾಗ ಐಕೊಕು ಮಾರುವಿನ ಮುಂಭಾಗದಲ್ಲಿದ್ದ ಮದ್ದುಗುಂಡುಗಳು ಸಿಡಿದು, ಅದರ ಮೇಲೆ ಹಾರುತ್ತಿದ್ದ ದಾಳಿಕಾರ ವಿಮಾನವೂ ಆ ಸ್ಫೋಟದಲ್ಲೇ ನಾಶವಾಯಿತು. ಹಡಗಿನ ಮುಂದಿನ ಅರ್ಧ ಇಲ್ಲವೇ ಇಲ್ಲ. ಉಳಿದ ಅರ್ಧದೊಳಗೆ ಸಿಕ್ಕ ಅಸ್ಥಿಗಳನ್ನು ಜಪಾನಿನಿಂದ ಬಂದ ತಂಡ 1980ರ ದಶಕದಲ್ಲಿ ಮೇಲೆ ತಂದು ಸಂಸ್ಕಾರ ಮಾಡಿತು. ಐದು ನಿಮಿಷ ಮುಟ್ಟಿ ಬರುವ ಜಾಗವಾಗಿ ಅದು ನನಗೆ ಕಾಣಿಸುತ್ತಿಲ್ಲ.

ಮೊದಲ ದಿನಕ್ಕೆ ಫುಜಿಕಾವಾ ಮಾರು. 1938ರಲ್ಲಿ ಕಟ್ಟಿದ, ನೂರ ಮೂವತ್ತು ಮೀಟರಿಗೂ ಉದ್ದದ ಈ ಸರಕು ಹಡಗು ಎಟೆನ್ ದ್ವೀಪದ ಬಳಿ ನೆಟ್ಟಗೆ ನಿಂತಿದೆ. ಮೂತಿಯ ಮೇಲೆ ತೋಪು, ಸರಕಿನ ಕೋಣೆಯಲ್ಲಿ ಬಿಡಿಸಿಟ್ಟ ಝೀರೊ ಯುದ್ಧವಿಮಾನಗಳ ಒಡಲುಗಳು. ಡೆಕ್ಕಿನ ಬಹುಭಾಗ ಇಪ್ಪತ್ತು ಮೀಟರಿನೊಳಗೇ ಸಿಗುವುದರಿಂದ, ಹೊಸ ನೀರಿಗೆ ಮೈ ಒಗ್ಗಿಸಿಕೊಂಡು, ಸೀಸದ ತೂಕ ಹೆಚ್ಚೋ ಕಡಿಮೆಯೋ ನೋಡಿಕೊಳ್ಳಲು ಇದಕ್ಕಿಂತ ಒಳ್ಳೆಯದಿಲ್ಲ. ಎರಡನೆಯ ದಿನಕ್ಕೆ ಶಿಂಕೊಕು ಮಾರು. ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಲು ಹೊರಟ ನೌಕಾಪಡೆಗೆ ದಾರಿಯಲ್ಲಿ ಎಣ್ಣೆ ತುಂಬಿಸಿದ ತೈಲನೌಕೆಗಳಲ್ಲಿ ಇದೂ ಒಂದು. ಈಗ ಅದರ ಮೈಯೆಲ್ಲ ಮೃದು ಹವಳ ಹಬ್ಬಿ, ಲಗೂನಿನಲ್ಲೇ ಅತ್ಯಂತ ಚೆಲುವಾದದ್ದೆಂದು ಹೋಗಿಬಂದವರೆಲ್ಲ ಹೇಳುವ ಹಡಗಾಗಿದೆ. ಒಳಗಿನ ಒಂದು ಕೋಣೆಯಲ್ಲಿ ಶಸ್ತ್ರಚಿಕಿತ್ಸೆಯ ಮೇಜು ಇನ್ನೂ ಇದೆಯಂತೆ.

ಹೇಯಾನ್ ಮಾರುವಿನ ಮೇಲೆ ನನಗೆ ವಿಶೇಷ ಆಸೆ. ನೂರ ಐವತ್ತು ಮೀಟರಿಗೂ ಉದ್ದದ ಈ ಪ್ರಯಾಣಿಕ ಹಡಗನ್ನು ಯುದ್ಧಕಾಲದಲ್ಲಿ ಜಲಾಂತರ್ಗಾಮಿಗಳಿಗೆ ಸಾಮಾನು ಒದಗಿಸುವ ತಾಯಿನೌಕೆಯಾಗಿ ಬದಲಿಸಿದ್ದರು. ಎಡಮಗ್ಗುಲಿಗೆ ಒರಗಿ ಮಲಗಿರುವ ಅದರಲ್ಲಿ ಪೆರಿಸ್ಕೋಪುಗಳನ್ನೂ ಟಾರ್ಪೆಡೊಗಳನ್ನೂ ಕಾಣಬಹುದು. ಅದರ ಸೋದರ ಹಡಗು ಹಿಕಾವಾ ಮಾರು ಯುದ್ಧದಲ್ಲಿ ಉಳಿದುಕೊಂಡು ಇಂದು ಯೋಕೊಹಾಮಾ ಬಂದರಿನಲ್ಲಿ ಸಂಗ್ರಹಾಲಯವಾಗಿ ನಿಂತಿದೆ. ಟೋಕಿಯೊ ಮೂಲಕ ಹೋಗುವ ದಾರಿಯನ್ನು ನಾನು ಆರಿಸಿಕೊಂಡದ್ದು ಇದಕ್ಕಾಗಿಯೇ. ಮೊದಲು ಹಿಕಾವಾದ ಮೆಟ್ಟಿಲು, ಹಿಡಿಕಂಬಿ, ಕಿಟಕಿಗಳನ್ನು ಬೆಳಕಿನಲ್ಲಿ ನೋಡಿ ನೆನಪಿಟ್ಟುಕೊಂಡು, ನಂತರ ಅವೇ ಭಾಗಗಳನ್ನು ನೀರಿನಲ್ಲಿ, ಒಂದು ಮಗ್ಗುಲಿಗೆ ತಿರುಗಿದ ಸ್ಥಿತಿಯಲ್ಲಿ ಗುರುತಿಸಬಲ್ಲೆನೇ ಎಂದು ನೋಡಬೇಕು.

ಹೋಕಿ ಮಾರುವನ್ನು ಕೊನೆಗೆ ಇಟ್ಟಿದ್ದೇನೆ. ಇದು ಜಪಾನಿನ ಹಡಗೇ ಅಲ್ಲ. ‘ಹೌರಾಕಿ’ ಎಂಬ ಹೆಸರಿನಲ್ಲಿ ನ್ಯೂಜಿಲೆಂಡಿನ ಕಂಪನಿಯೊಂದಕ್ಕೆ ಸೇರಿದ್ದ ಇದು 1942ರ ಜುಲೈನಲ್ಲಿ ಆಸ್ಟ್ರೇಲಿಯಾದ ಫ್ರಿಮ್ಯಾಂಟಲ್‌ನಿಂದ ಕೊಲಂಬೊಗೆ ಹೋಗುತ್ತಿದ್ದಾಗ ಸೆರೆ ಸಿಕ್ಕಿತು. ಸೆರೆಹಿಡಿದದ್ದು ಅವೇ ಎರಡು ಹಡಗುಗಳು, ಹೊಕೊಕು ಮಾರು ಮತ್ತು ಐಕೊಕು ಮಾರು. ನಾಲ್ಕು ತಿಂಗಳ ನಂತರ ಒಂದು ಬೆಂಗಾಲ್‌ನ ಎದುರು ಮುಳುಗಿತು. ಇನ್ನೊಂದು, ತಾನು ಹಿಡಿದು ತಂದ ಹಡಗಿನೊಂದಿಗೆ, ಒಂದೇ ಲಗೂನಿನ ತಳದಲ್ಲಿದೆ. ಮೊದಲು ಹೇಳಿದ ಲಾರಿಗಳು, ಬುಲ್ಡೋಜರುಗಳು ಇರುವುದು ಈ ಹೋಕಿ ಮಾರುವಿನ ಸರಕಿನ ಕೋಣೆಯಲ್ಲಿ. ತಳ ಸುಮಾರು ಐವತ್ತು ಮೀಟರ್ ಆಳದಲ್ಲಿರುವುದರಿಂದ ಲಾರಿಗಳ ಹತ್ತಿರಕ್ಕೆ ಹೋಗುವ ಆಸೆಯನ್ನು ಬಿಟ್ಟು, ಡೆಕ್ಕಿನ ಮಟ್ಟದಲ್ಲಿ ತೇಲುತ್ತ ಕೆಳಗೆ ಟಾರ್ಚು ಬಿಟ್ಟು ನೋಡುವುದೆಂದು ತೀರ್ಮಾನಿಸಿದ್ದೇವೆ. ಸ್ಯಾನ್ ಫ್ರಾನ್ಸಿಸ್ಕೊ ಮಾರುವಿನ ಡೆಕ್ಕಿನ ಮೇಲೆ ನಿಂತ ಟ್ಯಾಂಕುಗಳ ಚಿತ್ರ ಎಲ್ಲೆಡೆ ಕಾಣಿಸುತ್ತದೆ. ಅವೂ ಐವತ್ತು ಮೀಟರಿನಲ್ಲಿವೆ, ಚಿತ್ರದಲ್ಲೇ ಇರಲಿ.

ಇವನ್ನೆಲ್ಲ ಮುಟ್ಟದೆ ನೋಡಬೇಕೆಂಬುದು ಬರೀ ಶಿಷ್ಟಾಚಾರವಲ್ಲ. 1971ರಿಂದ ಈ ಹಡಗುಗಳು ಕಾನೂನಿನ ರಕ್ಷಣೆಯಲ್ಲಿರುವ ಸ್ಮಾರಕಗಳು. ಮುಳುಗಲು ಪರವಾನಗಿ ಬೇಕು, ಒಂದು ಬಟ್ಟಲನ್ನು ಜೇಬಿಗೆ ಹಾಕಿಕೊಂಡರೂ ಅದು ಅಪರಾಧ. ಯಮಗಿರಿ ಮಾರುವಿನಲ್ಲಿ ಯಮಾಟೊ ವರ್ಗದ ಯುದ್ಧನೌಕೆಗಳಿಗೆಂದು ತಂದಿದ್ದ, 46 ಸೆಂಟಿಮೀಟರ್ ವ್ಯಾಸದ ತೋಪಿನ ಗುಂಡುಗಳು ಹಾಗೆಯೇ ಬಿದ್ದಿವೆ. ಬೇರೆ ಹಡಗುಗಳಲ್ಲಿ ಸಿಡಿಗುಂಡುಗಳು, ಪೀಪಾಯಿಗಳಲ್ಲಿ ವಿಮಾನದ ಇಂಧನ. ಎಂಟು ದಶಕ ಉಪ್ಪುನೀರಿನಲ್ಲಿ ಕುಳಿತ ಸ್ಫೋಟಕ ಸತ್ತುಹೋಗಿರುತ್ತದೆಂದು ತಿಳಿಯುವುದು ಮೂರ್ಖತನ. ಕಬ್ಬಿಣವಂತೂ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿದೆ. ಹಿಂದೆ ಸಲೀಸಾಗಿ ಹಾದುಹೋಗುತ್ತಿದ್ದ ಓಣಿಗಳು ಕುಸಿಯುತ್ತಿವೆ, ಕೆಲವು ಹಡಗುಗಳಿಂದ ಎಣ್ಣೆ ಜಿನುಗಿ ಮೇಲ್ಮೈಯಲ್ಲಿ ಬಣ್ಣದ ಪೊರೆಯಾಗಿ ಹರಡುತ್ತದೆ. ದಡದ ಮೀನುಗಾರರಿಗೆ ಅದು ಸೊಬಗಿನ ದೃಶ್ಯವಲ್ಲ. ಅಲ್ಲಿ ನೆಲಕ್ಕೆ ಇರುವಂತೆಯೇ ಹವಳದ ದಿಬ್ಬಗಳಿಗೂ ಕುಟುಂಬಗಳ ಒಡೆತನವಿದೆ. ದಡದ ಮೇಲಿರುವ ಹಳೆಯ ತೋಪು, ಗುಹೆಗಳನ್ನು ನೋಡಬೇಕಾದರೂ ಆ ಜಾಗದವರನ್ನು ಕೇಳಿಯೇ ಹೋಗಬೇಕು.

ಸಾಮಾನಿನ ಬಗ್ಗೆ ಹೆಚ್ಚೇನಿಲ್ಲ. ರೆಗ್ಯುಲೇಟರ್, ಕಂಪ್ಯೂಟರ್, ಮುಖವಾಡ ನಮ್ಮವೇ. ಒಬ್ಬೊಬ್ಬರಿಗೆ ಮೂರು ಟಾರ್ಚು, ಎರಡು ರೀಲು, ಮೇಲೆ ಬರುವಾಗ ಬಿಡುವ ಗುರುತಿನ ಬಲೂನು, ಉದ್ದ ತೋಳಿನ ತೆಳು ಉಡುಪು. ಸಿಲಿಂಡರಿನ ಬಾಯಿಗೆ ಎರಡು ಬಗೆಯ ಜೋಡಣೆಗಳಿರುವುದರಿಂದ ಹೊಂದಿಕೆಯ ತುಂಡು ಒಂದು, ರಬ್ಬರ್ ಉಂಗುರಗಳು ಒಂದು ಡಬ್ಬಿ. ಅಲ್ಲಿ ಹಾಳಾದದ್ದಕ್ಕೆ ಅಂಗಡಿಯಲ್ಲಿ ಬದಲಿ ಸಿಗುತ್ತದೆಂಬ ಭರವಸೆ ಇಟ್ಟುಕೊಳ್ಳಬಾರದು.

ಅಪಘಾತದ ಲೆಕ್ಕವನ್ನು ನಾವು ಗುವಾಮ್‌ಗೆ ಹೋಗಬೇಕಾಗುತ್ತದೆ ಎಂದೇ ಹಾಕಿದ್ದೇವೆ. ಡಿಕಂಪ್ರೆಷನ್ ಕಾಯಿಲೆ (ಬೇಗ ಮೇಲೆ ಬಂದಾಗ ದೇಹದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಗಳಾಗುವುದು) ಬಂದವನನ್ನು ಒತ್ತಡದ ಕೋಣೆಗೆ ಸೇರಿಸಲು ಸಾವಿರ ಕಿಲೋಮೀಟರ್ ವಿಮಾನದಲ್ಲಿ ಸಾಗಿಸುವ ಖರ್ಚು ಸಾಧಾರಣ ಪ್ರವಾಸ ವಿಮೆಯಲ್ಲಿ ಬರುವುದಿಲ್ಲ. ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನಂತಹ, ಮುಳುಗುವವರಿಗೆಂದೇ ಇರುವ ವಿಮೆ ತೆಗೆದುಕೊಂಡು ಅದರ ಸಣ್ಣ ಅಕ್ಷರಗಳನ್ನೂ ಓದಿದ್ದೇವೆ; ಎಷ್ಟು ಆಳದವರೆಗೆ, ಯಾವ ತರಬೇತಿ ಇದ್ದರೆ ಎಂಬುದು ಅಲ್ಲಿರುತ್ತದೆ. ಹಲವು ದಿನ ಮುಳುಗಿದವರು ವಿಮಾನ ಹತ್ತುವ ಮೊದಲು ಕನಿಷ್ಠ ಹದಿನೆಂಟು ಗಂಟೆ ಕಾಯಬೇಕೆಂಬುದು ಅದೇ ಸಂಸ್ಥೆಯ ಸೂಚನೆ. ನಾವು ಒಂದು ಇಡೀ ದಿನವನ್ನೇ ಖಾಲಿ ಬಿಟ್ಟಿದ್ದೇವೆ. ಏಳು ದಿನದಲ್ಲಿ ಐದು ದಿನ ಮಾತ್ರ ನೀರು, ದಿನಕ್ಕೆ ಎರಡೇ ಇಳಿತ, ಒಟ್ಟು ಹತ್ತು. ಅಷ್ಟು ದೂರ ಹೋಗಿ ಹತ್ತೇ ಎಂದು ಕೇಳಿದವರಿಗೆ ಮೇಲಿನ ಗಾಳಿಯ ಲೆಕ್ಕವನ್ನು ತೋರಿಸುತ್ತೇನೆ.

ಆ ಖಾಲಿ ದಿನಕ್ಕೆ ನನ್ನದೊಂದು ಕೋರಿಕೆ ಇದೆ. ಐಕೊಕು ಮಾರು ಟೊನೊವಾಸ್ ದ್ವೀಪದ ಪೂರ್ವದಲ್ಲಿದೆ, ವೆನೊದಿಂದ ದೋಣಿಯಲ್ಲಿ ಹೋಗಿಬರಬಹುದಾದ ದೂರ. ಮುಳುಗುವ ಸಾಮಾನು ಯಾವುದೂ ಇಲ್ಲದೆ ಇಬ್ಬರನ್ನು ಅಲ್ಲಿಗೆ ಕರೆದೊಯ್ದು, ಹಡಗಿನ ನೇರಕ್ಕೆ ಎಂಜಿನ್ ಆರಿಸಿ, ಕಾಲು ಗಂಟೆ ನಿಲ್ಲಿಸಲು ಸಾಧ್ಯವೇ ಎಂದು ದೋಣಿಯವರಿಗೆ ಬರೆದು ಕೇಳಿದೆ. ಮುಳುಗುವುದಿಲ್ಲವೆಂದರೆ ಅಲ್ಲಿ ನೋಡಲು ಏನೂ ಇಲ್ಲ, ಬರೀ ನೀರು, ಎಂದು ಅವರು ಉತ್ತರಿಸಿ, ಇಂಧನದ ಖರ್ಚು ಕೊಟ್ಟರೆ ಅಡ್ಡಿಯಿಲ್ಲ ಎಂದೂ ಸೇರಿಸಿದ್ದಾರೆ. ಒಪ್ಪಿಗೆಯೆಂದು ಮರಳಿ ಬರೆದಿದ್ದೇನೆ. ದಿನಾಂಕವನ್ನು ವೀಸಾ ಸಂದರ್ಶನ ಮುಗಿದ ಮೇಲೆ ತಿಳಿಸಬೇಕು.